ಕಾಯಬೇಡಿ, ಮುಚ್ಚಿಡಬೇಡಿ: ಮಗುವಿಗೆ ಆಟಿಸಂ ಇರಬಹುದು ಅನ್ನಿಸಿದಾಗ ಏನೇನು ಮಾಡಬೇಕು

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ನಾವಿರುವುದು ಗಂಗಾವತಿ ಹತ್ತಿರ. ಅವನಿಗೆ ಆಟಿಸಂ ಇದೆ, ಅಂದರೆ ಮಿದುಳು ಬೇರೆ ರೀತಿ ಬೆಳೆದು ಮಾತಾಡುವುದು, ಜನರ ಜೊತೆ ಬೆರೆಯುವುದು ಕಷ್ಟವಾಗುವ ಸ್ಥಿತಿ ಇದೆ ಅಂತ ಗೊತ್ತಾದಾಗ ನಾಲ್ಕೂವರೆ ವರ್ಷ ತುಂಬಿತ್ತು. ನನಗೆ ಅನುಮಾನ ಬಂದಿದ್ದು ಮಾತ್ರ ಎರಡು ವರ್ಷಕ್ಕೇ. ನಡುವಿನ ಎರಡೂವರೆ ವರ್ಷ ಡಾಕ್ಟರ್ ಸಿಗದೆ ಹೋಗಿದ್ದಲ್ಲ, ದುಡ್ಡಿಲ್ಲದೆ ಹೋಗಿದ್ದೂ ಅಲ್ಲ. ಜನರ ಮಾತು ಕೇಳುತ್ತಾ ಹೋಯಿತು. "ಅವರಪ್ಪನೂ ನಾಲ್ಕು ವರ್ಷಕ್ಕ ಮಾತಾಡಿದ್ದು, ಸುಮ್ನಿರವ್ವ" ಅಂದರು ನಮ್ಮತ್ತೆ. "ಗಂಡು ಹುಡುಗರು ಸ್ವಲ್ಪ ತಡಾನ" ಅಂದರು ಓಣಿಯವರು. ಹುಲಿಗೆಮ್ಮನಿಗೆ ಹರಕೆ ಹೊತ್ತುಕೋ ಅಂದವರಿದ್ದರು, ಗಿಳಿ ಕಚ್ಚಿದ ಹಣ್ಣು ತಿನ್ನಿಸು ಅಂದವರಿದ್ದರು. ಒಬ್ಬ ಡಾಕ್ಟರ್ ಕೂಡ ಅವನನ್ನು ಎರಡು ನಿಮಿಷ ನೋಡಿ "ಐದು ವರ್ಷದ ತನಕ ಕಾಯೋಣ" ಅಂತ ಕಳಿಸಿಬಿಟ್ಟರು.

ಯಾರೂ ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಆದರೆ ಆ ಎರಡೂವರೆ ವರ್ಷ ನನಗೆ ವಾಪಸ್ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ಹಂತದಲ್ಲಿ ಏನು ಮಾಡಬೇಕು ಅನ್ನುವುದರ ಜೊತೆಗೆ, ಆ ಹಂತದಲ್ಲಿ ಜನ ಏನು ಹೇಳುತ್ತಾರೆ, ಅದಕ್ಕೆ ಏನು ಉತ್ತರ ಕೊಡಬಹುದು ಅನ್ನುವುದನ್ನೂ ಹೇಳುತ್ತೇನೆ. ನಮ್ಮ ಕಡೆ ಕಷ್ಟವಾಗುವುದು ಆ ಎರಡನೆಯದೇ.

ಮೊದಲು ಕಣ್ಣಿಗೆ ಕಂಡದ್ದನ್ನು ಬರೆದಿಡಿ

ಮಾತು ತಡವಾಗಿದೆ ಅನ್ನುವುದೊಂದನ್ನೇ ಹಿಡಿದು ಕೂರಬೇಡಿ. ಮಾತಿಗಿಂತ ಮೊದಲೇ ಕಾಣುವ ವಿಷಯಗಳಿವೆ. ಒಂಬತ್ತು-ಹತ್ತು ತಿಂಗಳ ಕೂಸು ಹೆಸರು ಕರೆದರೆ ತಿರುಗಬೇಕು. ವರ್ಷದ ಹೊತ್ತಿಗೆ ಟಾಟಾ ಮಾಡುವುದು, ಎತ್ತಿಕೋ ಅಂತ ಕೈ ಚಾಚುವುದು ಬರಬೇಕು. ಒಂದೂವರೆ ವರ್ಷದೊಳಗೆ ಬೆರಳು ತೋರಿಸಬೇಕು. ಬಿಸ್ಕತ್ತು ಬೇಕು ಅಂತ ತೋರಿಸುವುದು ಬೇರೆ. ಮಾಳಿಗೆ ಮೇಲೆ ಕೂತಾಗ ಚಂದ್ರನನ್ನು ತೋರಿಸಿ, ಆಮೇಲೆ ನಿಮ್ಮ ಮುಖ ನೋಡಿ, "ನೀನೂ ನೋಡಿದ್ಯಾ" ಅನ್ನುವ ಹಾಗೆ ನಗುವುದು ಬೇರೆ. ಈ ಎರಡನೆಯದು ತುಂಬಾ ಮುಖ್ಯ. ನನ್ನ ಮಗ ಅದನ್ನು ಮಾಡುತ್ತಲೇ ಇರಲಿಲ್ಲ. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಡಬ್ಬಿಯ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ.

ಎರಡು ವರ್ಷಕ್ಕೆ "ನೀರು ಕೊಡು", "ಅಪ್ಪ ಬಂದ" ಅನ್ನುವಂಥ ಎರಡು ಪದ ಜೋಡಿಸಿದ ಮಾತು ಬರಬೇಕು. ಬಂದ ಮಾತು ನಿಂತುಹೋಯಿತು ಅಂದರೆ, ಯಾವ ವಯಸ್ಸಿನಲ್ಲಾದರೂ ಸರಿ, ಅದೇ ವಾರ ಡಾಕ್ಟರ್ ಹತ್ತಿರ ಹೋಗಿ. ಒಂದೇ ಆಟಿಕೆಯ ಗಾಲಿ ಗಂಟೆಗಟ್ಟಲೆ ತಿರುಗಿಸುವುದು, ತುದಿಗಾಲಲ್ಲಿ ನಡೆಯುವುದು, ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಅಳುವುದು, ದಾರಿ ಬದಲಾದರೆ ರಂಪ ಮಾಡುವುದು ಇವನ್ನೂ ಗಮನಿಸಿ. ಇದರಲ್ಲಿ ಯಾವುದೋ ಒಂದು ಇದ್ದಮಾತ್ರಕ್ಕೆ ಆಟಿಸಂ ಅಂತ ಅಲ್ಲ. ಹಲವು ಒಟ್ಟಿಗೆ ಕಂಡರೆ ತೋರಿಸಲೇಬೇಕು.

ಫೋನಿನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಮಾಡಿಟ್ಟುಕೊಳ್ಳಿ. ಹೆಸರು ಕರೆದಾಗ ಏನು ಮಾಡುತ್ತದೆ, ಒಬ್ಬನೇ ಹೇಗೆ ಆಡುತ್ತದೆ, ಬೇರೆ ಮಕ್ಕಳು ಬಂದರೆ ಏನಾಗುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಮಗು ಹೆದರಿ ಬೇರೆ ಥರವೇ ಇರುತ್ತದೆ, ಆಗ ಈ ವಿಡಿಯೋಗಳೇ ನಿಮ್ಮ ಪರವಾಗಿ ಮಾತಾಡುತ್ತವೆ. ತಾಯಿ ಕಾರ್ಡ್ ಎಲ್ಲೋ ಟ್ರಂಕಿನಲ್ಲಿ ಇಟ್ಟಿರುತ್ತೀರಲ್ಲ, ಅದನ್ನೂ ತೆಗೆಯಿರಿ. ಮಗು ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಅದರಲ್ಲೇ ಇದೆ.

"ಹೆಣ್ಣು ಮಗು, ನಾಚಿಕೆ ಜಾಸ್ತಿ" ಅಂತ ಯಾರಾದರೂ ಅಂದರೆ ಅದನ್ನು ನಂಬಿ ಕೂರಬೇಡಿ. ಆಟಿಸಂ ಗಂಡು ಮಕ್ಕಳಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು ಪತ್ತೆಯಾಗುತ್ತದೆ ನಿಜ. ಆದರೆ ಹೆಣ್ಣು ಮಕ್ಕಳದ್ದು ಕಣ್ತಪ್ಪಿ ಹೋಗುವುದೂ ಅಷ್ಟೇ ನಿಜ.

ಕಿವಿ ಪರೀಕ್ಷೆ ಮಾಡಿಸಿ, ಬಿಡಬೇಡಿ

ಇದು ಚಿಕ್ಕ ಹೆಜ್ಜೆ, ಆದರೂ ಎಷ್ಟೋ ಮನೆಯಲ್ಲಿ ಬಿಟ್ಟುಹೋಗುತ್ತದೆ. ತಾಟು ಬಡಿದರೆ ತಿರುಗುತ್ತಾನೆ, ಟಿವಿ ಜಾಹೀರಾತು ಬಂದರೆ ಓಡಿ ಬರುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಂತ ನಾವೇ ತೀರ್ಮಾನ ಮಾಡುತ್ತೇವೆ. ಹಾಗೆ ಗೊತ್ತಾಗುವುದಿಲ್ಲ. ಬೆರಾ ಅನ್ನುವ ಪರೀಕ್ಷೆ ಇದೆ. ಮಗು ಮಲಗಿರುವಾಗ ತಲೆಗೆ ಸಣ್ಣ ಪಟ್ಟಿ ಅಂಟಿಸಿ ಮಾಡುತ್ತಾರೆ, ನೋವಿಲ್ಲ. ಕಿವಿಯದೇ ತೊಂದರೆ ಆಗಿದ್ದರೆ ಅದಕ್ಕೆ ದಾರಿಯೇ ಬೇರೆ.

ಎಲ್ಲಿಗೆ ಹೋಗಬೇಕು

ಹತ್ತಿರದಿಂದ ಶುರು ಮಾಡಿ. ಅಂಗನವಾಡಿ ಟೀಚರ್‌ಗೆ, ಆಶಾ ಕಾರ್ಯಕರ್ತೆಗೆ ಹೇಳಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆ, ಹುಟ್ಟಿದಾಗಿನಿಂದ 18 ವರ್ಷದ ತನಕದ ಮಕ್ಕಳಿಗೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುವುದು ಅವರ ಕೆಲಸ. ತಂಡ ಬರುವ ದಿನ ಯಾವುದು ಅಂತ ಟೀಚರನ್ನು ಕೇಳಿ, ಅವತ್ತು ಮಗುವನ್ನು ಮನೆಯಲ್ಲಿ ಬಿಡದೆ ಕರೆದುಕೊಂಡು ಹೋಗಿ. "ನಮ್ಮ ಹುಡುಗ ಗಲಾಟೆ ಮಾಡುತ್ತಾನೆ, ನಾಚಿಕೆ ಆಗುತ್ತೆ" ಅಂತ ಆ ದಿನವೇ ಮುಚ್ಚಿಡುವ ತಾಯಂದಿರನ್ನು ನೋಡಿದ್ದೇನೆ. ನಾನೂ ಒಂದು ಸಲ ಹಾಗೇ ಮಾಡಿದೆ.

ತಂಡಕ್ಕಾಗಿ ಕಾಯಬೇಕು ಅಂತಲೂ ಇಲ್ಲ. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅನ್ನುವ ಆಸ್ಪತ್ರೆ, ರಾಯಚೂರಿನ ರಿಮ್ಸ್, ಇವುಗಳಲ್ಲಿ ಮಕ್ಕಳ ವಿಭಾಗವೂ ಮನೋವೈದ್ಯ ವಿಭಾಗವೂ ಇವೆ. "ಮನೋವೈದ್ಯ" ಅನ್ನುವ ಬೋರ್ಡ್ ನೋಡಿ ಹಿಂದೆ ಸರಿಯಬೇಡಿ. ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಆಟಿಸಂ ಗುರುತಿಸುವುದನ್ನು ಕಲಿತಿರುವವರು ಅವರು, ಅದಕ್ಕೆ ಅಲ್ಲಿಗೆ ಹೋಗುವುದು, ಅಷ್ಟೇ.

ಇನ್ನೂ ದೊಡ್ಡ ಜಾಗ ಬೇಕು ಅಂದರೆ ಧಾರವಾಡದ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ಮನೋವೈದ್ಯ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಾತು ಮತ್ತು ಕಿವಿಯ ವಿಷಯಕ್ಕೆ ದೇಶದಲ್ಲೇ ಹೆಸರಾದದ್ದು. ಹಂಪಿ ಎಕ್ಸ್‌ಪ್ರೆಸ್ ರೈಲು ಕೊಪ್ಪಳದಿಂದ ಬೆಂಗಳೂರಿಗೂ ಮೈಸೂರಿಗೂ ಹೋಗುತ್ತದೆ. ಹೋಗುವ ಮೊದಲು ಫೋನ್ ಮಾಡಿ, ಯಾವ ದಿನ ನೋಡುತ್ತಾರೆ ಅಂತ ಕೇಳಿಕೊಂಡೇ ಹೊರಡಿ. ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ. ಮಗುವಿಗೆ ಇಷ್ಟವಾದ ತಿನಿಸು, ಹಳೆ ಬಟ್ಟೆ, ಆಟಿಕೆ ಜೊತೆಗಿರಲಿ. ಕಾಯುವುದು ಅಲ್ಲಿ ತುಂಬಾ ಇರುತ್ತದೆ.

ಮನಸ್ಸು ಕುಗ್ಗಿದಾಗ, ಏನು ಮಾಡಬೇಕು ತೋಚದೆ ಇದ್ದಾಗ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಪರೀಕ್ಷೆ ಹೇಗಿರುತ್ತದೆ

ರಕ್ತ ಪರೀಕ್ಷೆಯಿಂದ, ಸ್ಕ್ಯಾನಿನಿಂದ ಆಟಿಸಂ ಇದೆ-ಇಲ್ಲ ಅಂತ ಹೇಳಲು ಆಗುವುದಿಲ್ಲ. ಮಗುವನ್ನು ಆಡಲು ಬಿಟ್ಟು ನೋಡುತ್ತಾರೆ, ನಿಮ್ಮನ್ನು ಕೂರಿಸಿ ಹುಟ್ಟಿದಾಗಿನಿಂದ ಎಲ್ಲ ಕೇಳುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ. ಅದು ಅನುಮಾನ ಇದೆಯಾ ಅಂತ ನೋಡಲು ಮಾತ್ರ. ನಮ್ಮ ದೇಶದಲ್ಲಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬಳಸುವುದು ಐಸಾ ಅನ್ನುವ ಅಳತೆ, ಅದರಲ್ಲಿ 40 ಅಂಶಗಳಿವೆ. ಯಾರಾದರೂ ದುಬಾರಿ ಸ್ಕ್ಯಾನ್ ಬರೆದುಕೊಟ್ಟರೆ "ಇದರಿಂದ ಏನು ಗೊತ್ತಾಗುತ್ತದೆ ಸರ್" ಅಂತ ಕೇಳಿ. ಮಗುವಿಗೆ ಫಿಟ್ಸ್ ಬರುವ ಅನುಮಾನ ಇದ್ದರೆ ಮಿದುಳಿನ ಇಇಜಿ ಬೇಕಾಗಬಹುದು. ಕೇಳುವುದು ಅಗೌರವ ಅಲ್ಲ.

ಇದು ಆಟಿಸಂ ಅಂತ ಡಾಕ್ಟರ್ ಹೆಸರಿಡುವವರೆಗೆ ಕಾಯುತ್ತಾ ಕೆಲಸ ನಿಲ್ಲಿಸಬೇಡಿ. ಮಾತು ತಡವಾದ ಮಗುವಿಗೆ ಸ್ಪೀಚ್ ಥೆರಪಿ ಶುರು ಮಾಡಲು ಆಟಿಸಂ ಅನ್ನುವ ಚೀಟಿ ಬೇಕಾಗಿಲ್ಲ. ಕೊನೆಗೆ ಆಟಿಸಂ ಅಲ್ಲ ಅಂತಾದರೂ ನಷ್ಟವೇನೂ ಇಲ್ಲ.

ಮನೆಯವರಿಗೆ ಹೇಳುವುದು

ಡಾಕ್ಟರ್ ಹೇಳಿದ ದಿನ ನಾನು ಬಸ್ಸಿನಲ್ಲಿ ಅತ್ತುಕೊಂಡೇ ಬಂದೆ. ಮನೆಯಲ್ಲಿ ಬಂದ ಮೊದಲ ಮಾತು "ಬಸುರಿ ಇದ್ದಾಗ ನೀ ಏನು ತಿಂದಿದ್ದಿ" ಅಂತ. ಈ ಮಾತು ಬಂದೇ ಬರುತ್ತದೆ, ತಯಾರಾಗಿರಿ.

ತಾಯಿಯ ಮೇಲೆ ಹೊರಿಸುವುದು ನಮ್ಮೂರಿನಲ್ಲಿ ಮಾತ್ರ ಇಲ್ಲ. ಲಿಯೋ ಕ್ಯಾನರ್ 1943ರಲ್ಲಿ ಅಮೆರಿಕದಲ್ಲಿ ಆಟಿಸಂ ಬಗ್ಗೆ ಮೊದಲು ವಿವರವಾಗಿ ಬರೆದರು. ಆಮೇಲೆ ಎಷ್ಟೋ ವರ್ಷ ದೊಡ್ಡ ದೊಡ್ಡವರೇ, ತಾಯಿ ಪ್ರೀತಿ ಕೊಡದೆ ಮಗು ಹೀಗಾಗಿದೆ, ತಾಯಿಯ ಎದೆ ಫ್ರಿಜ್ಜಿನ ಹಾಗೆ ತಣ್ಣಗಿದೆ ಅಂತ ಹೇಳಿದರು. ಅದನ್ನು ನಂಬಿ ಎಷ್ಟು ತಾಯಂದಿರು ಒಳಗೊಳಗೇ ಬೆಂದರೋ. 1977ರಲ್ಲಿ ಅವಳಿ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನ ಇದು ಬಹಳಮಟ್ಟಿಗೆ ವಂಶವಾಹಿಯಿಂದ ಬರುವುದು ಅಂತ ತೋರಿಸಿತು. ನಂತರದ ಸಂಶೋಧನೆಗಳೂ ಅದನ್ನೇ ಹೇಳಿವೆ. ಮಗು ಹೊಟ್ಟೆಯಲ್ಲಿರುವಾಗಲೇ ಅದರ ಮಿದುಳು ಬೇರೆ ರೀತಿ ಬೆಳೆದಿರುತ್ತದೆ. ನೀವು ತಿಂದ ಪಪ್ಪಾಯಿಯಿಂದ ಅಲ್ಲ, ಗ್ರಹಣ ನೋಡಿದ್ದರಿಂದ ಅಲ್ಲ, ಕೆಲಸಕ್ಕೆ ಹೋಗಿದ್ದರಿಂದಲೂ ಅಲ್ಲ. ಇದನ್ನು ನಿಮ್ಮ ಬಾಯಿಂದ ಹೇಳಿದರೆ ಮನೆಯವರು ಕೇಳುವುದಿಲ್ಲ ಅನ್ನಿಸಿದರೆ, ಮುಂದಿನ ಸಲ ಅತ್ತೆಯನ್ನೂ ಗಂಡನನ್ನೂ ಡಾಕ್ಟರ್ ಎದುರಿಗೇ ಕೂರಿಸಿ. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಅದೇ. ಅವತ್ತಿನಿಂದ ನಮ್ಮತ್ತೆಯೇ ಅವನ ದೊಡ್ಡ ಕಾವಲು.

ಲಸಿಕೆಯಿಂದ ಬಂತು ಅನ್ನುವ ಮಾತೂ ಓಡಾಡುತ್ತದೆ. 1998ರಲ್ಲಿ ಲಂಡನ್ನಿನ ಒಬ್ಬ ಡಾಕ್ಟರ್, ವೇಕ್‌ಫೀಲ್ಡ್ ಅಂತ, ಬರೆದ ಪ್ರಬಂಧದಿಂದ ಹುಟ್ಟಿದ ಭಯ ಅದು. 2010ರಲ್ಲಿ ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ ಆ ಪ್ರಬಂಧವನ್ನು ವಾಪಸ್ ಪಡೆಯಿತು, ಅವರ ವೈದ್ಯ ಪರವಾನಗಿಯೂ ಹೋಯಿತು. ಲಕ್ಷಾಂತರ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳಲ್ಲಿ ಲಸಿಕೆಗೂ ಆಟಿಸಂಗೂ ಸಂಬಂಧ ಸಿಕ್ಕಿಲ್ಲ. ದಯವಿಟ್ಟು ಎರಡನೇ ಮಗುವಿನ ದಡಾರ ಲಸಿಕೆ ತಪ್ಪಿಸಬೇಡಿ.

ಮೊಬೈಲ್ ಕೊಟ್ಟಿದ್ದಕ್ಕೆ ಹೀಗಾಯಿತು ಅಂತ ಬೈದರೆ? ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಆದರೆ ಮೊಬೈಲ್ ಹಿಡಿದು ಕೂತ ಮಗುವಿನ ಜೊತೆ ನಾವು ಮಾತಾಡುವುದೇ ಕಡಿಮೆ ಆಗುತ್ತದೆ, ಅದಕ್ಕೆ ಕಡಿಮೆ ಮಾಡಿ.

ಹರಕೆ ಹೊರಬೇಡಿ ಅಂತ ನಾನು ಹೇಳುವುದಿಲ್ಲ. ನಾನೂ ಹುಲಿಗಿಗೆ ಹೋಗುತ್ತೇನೆ, ಅಲ್ಲಿ ಮನಸ್ಸು ಹಗುರಾಗುತ್ತದೆ. ಹರಕೆ ತೀರಿಸುವ ತನಕ ಆಸ್ಪತ್ರೆ ಬೇಡ ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಮಾತು ಬರಲಿ ಅಂತ ನಾಲಿಗೆಗೆ ಬಜೆ ತಿಕ್ಕಿ ತಿಕ್ಕಿ ಮಗುವಿಗೆ ವಾಂತಿ ಆಗುವಂತೆ ಮಾಡಬೇಡಿ. ಬರೆ ಹಾಕುತ್ತೇವೆ ಅಂತ ಯಾರೇ ಬಂದರೂ, ಎಷ್ಟೇ ಹಿರಿಯರಾದರೂ, ಮಗುವನ್ನು ಎತ್ತಿಕೊಂಡು ಆಚೆ ಬನ್ನಿ. ತಿರುಗಿ ಹೇಳಲು ಬಾರದ ಮಗು ಅದು.

ಚಿಕಿತ್ಸೆ ಅಂದರೆ ಏನು

ಆಟಿಸಂ ಗುಣವಾಗುವ ಕಾಯಿಲೆ ಅಲ್ಲ, ಅದಕ್ಕೆ ಮಾತ್ರೆ ಇಲ್ಲ. ತುಂಬಾ ಸಿಟ್ಟು, ತನಗೇ ಹೊಡೆದುಕೊಳ್ಳುವುದು, ನಿದ್ದೆ ಇಲ್ಲದಿರುವುದು, ಫಿಟ್ಸ್ ಇವುಗಳಿಗೆ ಡಾಕ್ಟರ್ ಔಷಧಿ ಕೊಡಬಹುದು. ಉಳಿದದ್ದೆಲ್ಲ ಕಲಿಸುವ ಕೆಲಸ. ಮಾತು ಕಲಿಸುವ ಸ್ಪೀಚ್ ಥೆರಪಿ, ಊಟ ಬಟ್ಟೆಯಂಥ ದಿನದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಕರ ಪಾಠ. ಚಿಕ್ಕ ವಯಸ್ಸಿನಲ್ಲಿ ಶುರುವಾದಷ್ಟೂ ಒಳ್ಳೆಯದು.

ಥೆರಪಿ ಸಿಗುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತು ಮಗು ನಿಮ್ಮ ಹತ್ತಿರವೇ ಇರುತ್ತದೆ, ಅಲ್ವಾ? ಅದಕ್ಕೇ ಥೆರಪಿಸ್ಟ್ ಏನು ಮಾಡುತ್ತಾರೆ ಅಂತ ಒಳಗೆ ಕೂತು ನೋಡಿ, ಕಲಿತುಕೊಂಡು ಬನ್ನಿ. ಬಾಗಿಲು ಹಾಕಿಕೊಂಡು ತಂದೆತಾಯಿಯನ್ನು ಒಳಗೆ ಬಿಡದ ಜಾಗಕ್ಕೆ ಹೋಗಬೇಡಿ. ನಾವು ಮೊದಲು ಹೋದ ಒಂದು ಜಾಗದಲ್ಲಿ ಹಾಗೇ ಇತ್ತು. ಮೂರು ತಿಂಗಳಾದ ಮೇಲೆ ಮಗನ ತೋಳು ಕೆಂಪಾಗಿದ್ದು ನೋಡಿ ಬಿಟ್ಟೆವು.

ಮನೆಯಲ್ಲಿ ಮಾಡುವುದು ಕಷ್ಟದ್ದಲ್ಲ. ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಉಂಡೆ ಅವನ ಕೈಗೆ ಕೊಡಿ. "ತಟ್ಟು", "ಬಿಸಿ", "ಇನ್ನೊಂದು". ಇಷ್ಟೇ ಚಿಕ್ಕ ಮಾತು, ದಿನಾ ಅದೇ ಮಾತು. ಏನಾದರೂ ಕೇಳಿದ ಮೇಲೆ ಸುಮ್ಮನೆ ಕಾಯಿರಿ, ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ನಾವು ಉತ್ತರಕ್ಕೆ ಜಾಗವನ್ನೇ ಕೊಡುವುದಿಲ್ಲ, ನಾವೇ ಹೇಳಿಬಿಡುತ್ತೇವೆ. ಅವನಿಗೆ ಬೇಕಾದ ಶೇಂಗಾ ಚಿಕ್ಕಿ ಡಬ್ಬಿ ಕಣ್ಣಿಗೆ ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಇಡಿ. ನಿಮ್ಮ ಕಡೆ ನೋಡಿದರೆ, ಬೆರಳು ತೋರಿಸಿದರೆ, ಅರ್ಧ ಸದ್ದು ಮಾಡಿದರೂ ತಕ್ಷಣ ಕೊಡಿ. ನೀರು, ಊಟ, ಬಚ್ಚಲು, ಹೊರಗೆ ಅಂತ ಚಿತ್ರ ಬರೆದು ಗೋಡೆಗೆ ಅಂಟಿಸಿ. ಚಿತ್ರ ತೋರಿಸುವುದು ಅಭ್ಯಾಸವಾದರೆ ಮಾತೇ ಬರುವುದಿಲ್ಲ ಅಂತ ಹೆದರಿಸುತ್ತಾರೆ. ಅದು ತಪ್ಪು. ನಮ್ಮವನು ಚಿತ್ರ ಹಿಡಿದು ಬಂದ ಆರು ತಿಂಗಳಿಗೆ "ನೀ" ಅಂದ, ನೀರಿಗೆ.

ನಮ್ಮ ಕಡೆ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವವರು ಬೇಕಾದಷ್ಟು ಜನ. ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಇಂಗ್ಲಿಷ್ ಒಂದೇ ಮಾತಾಡಿ ಅಂತ ಹೇಳುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿಗೆ ಹಾನಿ ಇಲ್ಲ. ನಿಮಗೆ ಪ್ರೀತಿಯಿಂದ ಬರುವ ಮಾತಿನಲ್ಲೇ ಮಾತಾಡಿ.

ಇನ್ನು ಮೋಸಗಳು. "ಆರು ತಿಂಗಳಲ್ಲಿ ಗುಣ", "ಗ್ಯಾರಂಟಿ" ಅಂದರೆ ಎದ್ದು ಬನ್ನಿ. ಸ್ಟೆಮ್ ಸೆಲ್, ಅಂದರೆ ದೇಹದ ಮೂಲಕೋಶಗಳನ್ನು ಕೊಡುವ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುತ್ತಾರೆ, ಹೊಲ ಅಡವಿಟ್ಟವರೂ ಇದ್ದಾರೆ. 2022ರ ಡಿಸೆಂಬರಿನಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ, ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ, ಅದರ ಪ್ರಚಾರ ಮಾಡುವುದು ವೃತ್ತಿಗೆ ಮಾಡುವ ದ್ರೋಹ ಅಂತ ಹೇಳಿದೆ. ಗೋಧಿ ಬಿಡಿ, ಹಾಲು ಬಿಡಿ ಅಂತ ಸಾವಿರಾರು ರೂಪಾಯಿಯ ಡಬ್ಬಿ ಮಾರುವವರೂ ಬರುತ್ತಾರೆ. ಅದರಿಂದ ಆಟಿಸಂ ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ನಮ್ಮ ಜೋಳದ ರೊಟ್ಟಿಯಲ್ಲಿ ಅವರು ಹೆದರಿಸುವ ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟಿನ ಅಂಶ, ಮೊದಲಿನಿಂದಲೂ ಇಲ್ಲ.

ಕಾಗದ ಪತ್ರ, ಶಾಲೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಶೇ. 40 ಅಥವಾ ಹೆಚ್ಚು ಅಂತ ಬಂದರೆ ಸೌಲಭ್ಯಗಳು ಸಿಗುತ್ತವೆ. ನಿರಾಮಯ ಅನ್ನುವ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಖರ್ಚು ಸಿಗುತ್ತದೆ, ಥೆರಪಿಯದ್ದೂ ಅದರಲ್ಲಿ ಸೇರಿದೆ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಕೆಲಸಕ್ಕೆ ಅವರನ್ನೇ ಹಿಡಿಯಿರಿ.

ಮಗಳ ಮದುವೆಗೆ ತೊಂದರೆ ಆಗುತ್ತದೆ, ಕಾರ್ಡ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ನನಗೂ ಮಗಳಿದ್ದಾಳೆ. ಆದರೆ ಮನೆಯಲ್ಲಿ ಒಬ್ಬ ಅಣ್ಣನನ್ನು ಬಚ್ಚಿಟ್ಟು ನೋಡುವ ಸಂಬಂಧದಲ್ಲಿ ಅವಳು ಮುಂದೆ ಅಣ್ಣನನ್ನು ನೋಡಲು ಬರುವುದಾದರೂ ಹೇಗೆ?

ಶಾಲೆಯವರು "ಇಂಥ ಮಕ್ಕಳನ್ನು ತಗೊಳ್ಳಲ್ಲ" ಅಂದರೆ ಅದನ್ನು ಬರೆದು ಕೊಡಲು ಕೇಳಿ. ಬರೆದು ಕೊಡುವುದಿಲ್ಲ, ಏಕೆಂದರೆ ಶೇ. 40 ಅಥವಾ ಹೆಚ್ಚು ಅಂತ ಬಂದ ಮಕ್ಕಳಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಆ ಕಾಯ್ದೆಯೇ ಕೊಟ್ಟಿದೆ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರು ಇರುತ್ತಾರೆ, ಅವರನ್ನು ಭೇಟಿ ಮಾಡಿ. ಮಗನ ಬಗ್ಗೆ ಒಂದು ಪುಟ ಬರೆದು ಕ್ಲಾಸ್ ಟೀಚರ್‌ಗೆ ಕೊಡಿ. ಏನು ಇಷ್ಟ, ಯಾವ ಸದ್ದಿಗೆ ಹೆದರುತ್ತಾನೆ, ಅಳುವಾಗ ಏನು ಮಾಡಿದರೆ ಸಮಾಧಾನವಾಗುತ್ತಾನೆ. ಒಳ್ಳೆಯ ಮನಸ್ಸಿನ ಟೀಚರ್‌ಗೂ ಹೇಳದೆ ಗೊತ್ತಾಗುವುದಿಲ್ಲ.

ಜಾತ್ರೆ, ಬಸ್ಸು, ಮದುವೆ ಮನೆ

ಕರೆದುಕೊಂಡು ಹೋಗಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ದಿನ ಲಕ್ಷಗಟ್ಟಲೆ ಜನ, ಆ ಸದ್ದು ಇವನ ಕಿವಿಗೆ ಹಿಂಸೆ. ನಾವು ತೇರು ಮುಗಿದು ನಾಲ್ಕೈದು ದಿನಕ್ಕೆ ಬೆಳಿಗ್ಗೆಯೇ ಹೋಗುತ್ತೇವೆ, ಅಂಗಡಿ ಆಗಲೂ ಇರುತ್ತವೆ. ಕಿವಿ ಮುಚ್ಚುವ ಟೋಪಿ, ನೀರು, ಅವನ ಗಾಲಿ ಆಟಿಕೆ ಇಷ್ಟು ಚೀಲದಲ್ಲಿ.

ಬಸ್ಸಿನಲ್ಲಿ ಮಗು ನೆಲಕ್ಕೆ ಬಿದ್ದು ಕಿರುಚಿದರೆ ಅದು ಹಟ ಅಲ್ಲ, ಸದ್ದು ಸೆಕೆ ನೂಕಾಟ ಎಲ್ಲ ಸೇರಿ ತಡೆಯಲು ಆಗದೆ ಹಾಗಾಗುವುದು. ಪಕ್ಕದಲ್ಲಿರುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟು: "ಎರಡು ಬಿಗಿದರೆ ಸರಿ ಹೋಗುತ್ತಾನೆ" ಅನ್ನಬೇಡಿ, ಸುತ್ತ ಗುಂಪುಗೂಡಬೇಡಿ. ಸ್ವಲ್ಪ ಜಾಗ ಬಿಡಿ, ಕಿಟಕಿ ತೆಗೆಯಿರಿ, ತಾಯಿಗೆ "ಏನಾದರೂ ಹಿಡಿದುಕೊಳ್ಳಲೇನವ್ವಾ" ಅಂತ ಒಂದು ಮಾತು ಕೇಳಿ.

ಓಣಿಗೆ ಹೇಳಿ

ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ ನೀವು ಇವತ್ತೇ ಮಾಡಬಹುದು.

ಆಟಿಸಂ ಇರುವ ಮಕ್ಕಳು ಕಣ್ತಪ್ಪಿಸಿ ಹೊರಟುಬಿಡುತ್ತಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹಾಗೆ ಹೋಗಿದ್ದಾರೆ ಅಂತ ಸುಮಾರು ಅರ್ಧದಷ್ಟು ಮಕ್ಕಳ ತಂದೆತಾಯಿ ಹೇಳಿದ್ದರು. ಎಷ್ಟೋ ಮಕ್ಕಳಿಗೆ ನೀರು ಅಂದರೆ ಪ್ರಾಣ. ನಮ್ಮಲ್ಲಿ ಎಲ್ಲಿ ನೋಡಿದರೂ ತುಂಗಭದ್ರಾ ಎಡದಂಡೆ ಕಾಲುವೆ, ಉಪಕಾಲುವೆ, ಗದ್ದೆ. ಕಾಲುವೆಗೆ ನೀರು ಬಿಟ್ಟ ವಾರ ನಾನು ಬಾಗಿಲ ಕಡೆ ತಲೆ ಇಟ್ಟು ಮಲಗುತ್ತೇನೆ.

ಅವನಿಗೆ ಏಳು ವರ್ಷ ಇದ್ದಾಗ ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಬರುವುದರೊಳಗೆ ಇರಲಿಲ್ಲ. ಅವನನ್ನು ಕಾಲುವೆ ದಂಡೆಯಿಂದ ಕೈ ಹಿಡಿದು ಕರೆದುಕೊಂಡು ಬಂದಿದ್ದು ಎಮ್ಮೆ ಮೇಯಿಸುವ ಒಬ್ಬ ಅಜ್ಜ. ಅದಕ್ಕೆ ಎರಡು ತಿಂಗಳ ಮೊದಲು ನಾನೇ ಆ ಅಜ್ಜನಿಗೆ ಹೇಳಿದ್ದೆ, "ಯಜ್ಜಾ, ನನ್ನ ಮಗಗ ಮಾತು ಬರಂಗಿಲ್ಲ, ಒಬ್ಬನ ಕಂಡರ ಹಿಡದು ನಿಲ್ಲಿಸು" ಅಂತ. ಹೇಳುವಾಗ ನನಗೆ ನಾಚಿಕೆಯಿಂದ ತಲೆ ಎತ್ತಲು ಆಗಿರಲಿಲ್ಲ.

ಹಾಗಾಗಿ ಹೇಳಿ. ಕಿರಾಣಿ ಅಂಗಡಿಯವರಿಗೆ, ಆಟೋದವರಿಗೆ, ಕಾಲುವೆ ದಾರಿಯಲ್ಲಿ ಹೊಲ ಇರುವವರಿಗೆ. ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ ಮುಖ ತೋರಿಸಿಯೇ ಹೇಳಿ. ಬಾಗಿಲಿಗೆ ಕೈಗೆಟಕದ ಎತ್ತರದಲ್ಲಿ ಚಿಲಕ ಹಾಕಿಸಿ. ಕಾಣೆಯಾದರೆ ಮೊದಲು ಓಣಿ ಹುಡುಕಬೇಡಿ, ಮೊದಲು ನೀರಿನ ಕಡೆ ಓಡಿ, 112ಕ್ಕೆ ಫೋನ್ ಮಾಡಿ. ಹಾಗೇ ಅಂಗಿಯ ಒಳಗೆ, ಕೊರಳ ಪಟ್ಟಿಯ ಕೆಳಗೆ ಒಂದು ಬಟ್ಟೆ ಚೀಟಿ ಹೊಲಿಯಿರಿ. ನಾನು ಬರೆಸಿರುವುದು ಇಷ್ಟೇ: "ನನಗೆ ಆಟಿಸಂ ಇದೆ. ಮಾತು ಕಡಿಮೆ. ಬೈಯಬೇಡಿ, ಕೈ ಹಿಡಿದುಕೊಳ್ಳಿ, ಈ ನಂಬರಿಗೆ ಫೋನ್ ಮಾಡಿ." ಹೊಸ ಅಂಗಿ ತಂದಾಗಲೆಲ್ಲ ಹಾಕಿಸುವ ಮೊದಲು ನಮ್ಮತ್ತೆ ಸೂಜಿ ದಾರ ತೆಗೆದುಕೊಂಡು ಕೂರುತ್ತಾರೆ.